ಅಲುಗದ ತೋಳು: ಪಿಸ್ತೂಲಿನ ಗುರಿಗೆ ಬೇಕಾದ ವ್ಯಾಯಾಮ

ಚಿತ್ರದುರ್ಗದವರಿಗೆ ಬಲವೆಂದರೇನೆಂಬುದನ್ನು ಹೊಸದಾಗಿ ಹೇಳಿಕೊಡಬೇಕಾದ ಪ್ರಮೇಯವಿಲ್ಲ. ನಮ್ಮ ಏಳು ಸುತ್ತಿನ ಕೋಟೆಯೊಳಗೆ ಗರಡಿಮನೆಯುಂಟು. ಮದ್ದು ಬೀಸಿದ ದೈತ್ಯಾಕಾರದ ಕಲ್ಲುಗಳುಂಟು. ಒನಕೆ ಹಿಡಿದು ಕಿಂಡಿಯ ಬಳಿ ನಿಂತ ಓಬವ್ವನ ಕಥೆಯನ್ನು ಕೇಳದೆ ಬೆಳೆದ ಮಗು ಈ ಊರಿನಲ್ಲಿಲ್ಲ. ಆದುದರಿಂದ ಬಲವೆಂದೊಡನೆ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವುದು ಉಬ್ಬಿದ ರಟ್ಟೆ, ಹರವಾದ ಎದೆ, ಹೆಗಲಿಗೇರಿದ ಗುಂಡುಕಲ್ಲು. ಈ ಚಿತ್ರವನ್ನೇ ನಂಬಿ ಒಬ್ಬ ಜಟ್ಟಿಯ ಕೈಗೆ ಪಿಸ್ತೂಲನ್ನು ಕೊಟ್ಟು ಗುರಿ ಹಿಡಿಯಲು ಹೇಳಿದರೆ ಏನಾದೀತು? ನಾಲ್ಕಾರು ಗುಂಡುಗಳಾದ ಮೇಲೆ ಅವನ ಕೈಯೂ ನಮ್ಮ ನಿಮ್ಮ ಕೈಯಂತೆಯೇ ನಡುಗತೊಡಗಿದರೆ ಆಶ್ಚರ್ಯಪಡಬೇಕಾಗಿಲ್ಲ. ಇದಕ್ಕೆ ಕಾರಣವೇನು, ಪರಿಹಾರವೇನು ಎಂಬುದನ್ನು ತಿಳಿಯಹೇಳುವುದೇ ಈ ಲೇಖನದ ಉದ್ದೇಶ.

ಬಲದಲ್ಲಿ ಮೂರು ಬಗೆಯುಂಟು ಎಂದು ಭಾವಿಸಿಕೊಂಡರೆ ವಿಷಯ ಸುಲಭವಾಗುತ್ತದೆ. ಮೊದಲನೆಯದು ಎತ್ತುವ ಬಲ. ಮೂಟೆಯನ್ನು ಗಾಡಿಗೆ ಏರಿಸುವವನದು, ಗರಡಿಯಲ್ಲಿ ಕಲ್ಲು ಎತ್ತುವವನದು ಈ ಬಲ. ಎರಡನೆಯದು ಬೀಸುವ ಬಲ. ಗುದ್ದಲಿ, ಕೊಡಲಿ, ಒನಕೆ, ಗದೆ ಇವೆಲ್ಲ ಬೇಡುವುದು ಇದನ್ನು. ಇವೆರಡರಲ್ಲಿಯೂ ಮಾಂಸಖಂಡಗಳು ಒಂದು ಕ್ಷಣ ಬಿಗಿದು ಮರುಕ್ಷಣ ಸಡಿಲಗೊಳ್ಳುತ್ತವೆ; ಆ ಸಡಿಲಿನಲ್ಲಿ ಅವಕ್ಕೆ ರಕ್ತವೂ ದೊರೆಯುತ್ತದೆ, ವಿಶ್ರಾಂತಿಯೂ ದೊರೆಯುತ್ತದೆ. ಮೂರನೆಯದು ಹಿಡಿದು ನಿಲ್ಲಿಸುವ ಬಲ. ಇಲ್ಲಿ ಕೈ ಮೇಲಕ್ಕೂ ಹೋಗದು, ಕೆಳಕ್ಕೂ ಬಾರದು. ನೋಡುವವರಿಗೆ ಏನೂ ನಡೆಯುತ್ತಿರುವಂತೆ ಕಾಣದು. ಆದರೆ ಒಳಗೆ ಮಾಂಸಖಂಡವು ಎಡೆಬಿಡದೆ ಬಿಗಿದಿರುತ್ತದೆ. ಹಾಗೆ ಬಿಗಿದಾಗ ಅದು ತನ್ನೊಳಗಿನ ರಕ್ತನಾಳಗಳನ್ನು ತಾನೇ ಒತ್ತಿ ಹಿಡಿಯುವುದರಿಂದ ರಕ್ತದ ಹರಿವು ಕುಗ್ಗಿ, ಬಹುಬೇಗ ದಣಿವು ಬರುತ್ತದೆ. ಪಿಸ್ತೂಲು ಕೇಳುವುದು ಈ ಮೂರನೆಯ ಬಲವನ್ನು.

ಹೊಲದಲ್ಲಿ ಶೇಂಗಾ ಕಿತ್ತು, ಬಾವಿಯಿಂದ ನೀರು ಸೇದಿ ಬೆಳೆದ ನಮ್ಮಂಥ ಹಳ್ಳಿಯ ವಿದ್ಯಾರ್ಥಿಗಳಿಗೆ ಮೊದಲೆರಡು ಬಲಗಳು ಬಳುವಳಿಯಾಗಿಯೇ ಬಂದಿವೆ. ಮೂರನೆಯದನ್ನು ಪ್ರತ್ಯೇಕವಾಗಿ ಸಂಪಾದಿಸಬೇಕು. ಇದರಲ್ಲಿ ಸಂದೇಹವುಳ್ಳವರು ಹಾಸ್ಟೆಲಿನಲ್ಲಿ ತಮಗಿಂತ ಗಟ್ಟಿಗನಾದ ಗೆಳೆಯನೊಬ್ಬನನ್ನು ಕರೆದು, ಒಂದು ಲೀಟರಿನ ನೀರಿನ ಬಾಟಲಿಯನ್ನು ಒಂದೇ ಕೈಯಲ್ಲಿ, ತೋಳನ್ನು ನೀಳವಾಗಿ ಚಾಚಿ, ಕಣ್ಣಿನ ಮಟ್ಟದಲ್ಲಿ ಒಂದು ನಿಮಿಷ ಹಿಡಿದಿರಲು ಹೇಳಲಿ. ಅಕ್ಕಿಯ ಮೂಟೆಯನ್ನು ಹೂವಿನಂತೆ ಎತ್ತುವವನ ಕೈಯಲ್ಲಿಯೂ ಆ ನೀರು ಅಲುಗಾಡುವುದು ಕಾಣಿಸುತ್ತದೆ.

ಇನ್ನು ಪಿಸ್ತೂಲಿನ ಸ್ಪರ್ಧೆಯ ಸ್ವರೂಪವನ್ನು ಸ್ವಲ್ಪ ತಿಳಿಯೋಣ. ಒಲಿಂಪಿಕ್ ಕ್ರೀಡೆಗಳಲ್ಲಿರುವ 10 ಮೀಟರ್ ಏರ್ ಪಿಸ್ತೂಲು ಸ್ಪರ್ಧೆಯಲ್ಲಿ ಒತ್ತಿದ ಗಾಳಿಯ ಬಲದಿಂದ 4.5 ಮಿಲಿಮೀಟರ್ ವ್ಯಾಸದ ಸೀಸದ ಗುಂಡನ್ನು ಹಾರಿಸುತ್ತಾರೆ. ಪಿಸ್ತೂಲಿನ ತೂಕ ಒಂದೂವರೆ ಕಿಲೋಗ್ರಾಮನ್ನು ಮೀರುವಂತಿಲ್ಲ. ಸಾಮಾನ್ಯವಾಗಿ ಅದು ಒಂದು ಕಿಲೋಗ್ರಾಮಿನ ಆಸುಪಾಸಿನಲ್ಲಿರುತ್ತದೆ. ಟ್ರಿಗರನ್ನು ಎಳೆಯಲು ಕನಿಷ್ಠ 500 ಗ್ರಾಂ ಒತ್ತಡ ಬೇಕು. ಗುರಿಹಲಗೆಯ ನಟ್ಟನಡುವಿನ ಹತ್ತು ಅಂಕದ ವೃತ್ತದ ವ್ಯಾಸ ಕೇವಲ 11.5 ಮಿಲಿಮೀಟರ್, ಎಂದರೆ ಒಂದು ರೂಪಾಯಿ ನಾಣ್ಯದ ಅಗಲದ ಅರ್ಧಕ್ಕಿಂತ ತುಸು ಹೆಚ್ಚು. ಅದರ ಸುತ್ತಲಿನ ಕಪ್ಪು ವೃತ್ತದ ವ್ಯಾಸ 59.5 ಮಿಲಿಮೀಟರ್. 75 ನಿಮಿಷಗಳಲ್ಲಿ 60 ಗುಂಡುಗಳನ್ನು ಹಾರಿಸಬೇಕು. ಮೊದಲು ಹೆಂಗಸರಿಗೆ 40 ಗುಂಡುಗಳಿದ್ದವು. 2018ರಿಂದ ಅವರಿಗೂ 60.

ನಮ್ಮಲ್ಲಿ ಎನ್.ಸಿ.ಸಿ. ಸೇರಿದವರು ರೈಫಲ್ ಹಿಡಿದಿರಬಹುದು. ಆ ಅನುಭವವನ್ನು ಇಲ್ಲಿ ಹಾಗೆಯೇ ಅನ್ವಯಿಸಲಾಗದು. ರೈಫಲಿಗೆ ಎರಡು ಕೈಗಳ ಆಸರೆಯುಂಟು, ಹೆಗಲಿನ ಆಸರೆಯುಂಟು, ಕೆನ್ನೆಯ ಆಸರೆಯುಂಟು. ಮಲಗಿ ಹಾರಿಸಿದರೆ ಭೂಮಿಯೇ ಆಸರೆ. ಪಿಸ್ತೂಲಿಗೆ ಇವಾವುದೂ ಇಲ್ಲ. ಅದನ್ನು ನಿಂತುಕೊಂಡು, ಒಂದೇ ಕೈಯಲ್ಲಿ, ತೋಳನ್ನು ಚಾಚಿ ಹಿಡಿಯತಕ್ಕದ್ದು. ಮಣಿಕಟ್ಟಿಗೆ ಯಾವ ಕಟ್ಟೂ ಆಧಾರವೂ ಇರಕೂಡದೆಂದು ನಿಯಮವೇ ಇದೆ. ದೇಹವೆಂಬ ಕಂಬಕ್ಕೆ ತೋಳೆಂಬ ತೊಲೆಯೊಂದು ಒಂದೇ ತುದಿಯಲ್ಲಿ ಜೋಡಿಸಲ್ಪಟ್ಟು, ಇನ್ನೊಂದು ತುದಿ ಆಧಾರವಿಲ್ಲದೆ ಗಾಳಿಯಲ್ಲಿ ನಿಂತಂತೆ ಇದರ ಸ್ಥಿತಿ.

ಈ ತೊಲೆಯ ಲೆಕ್ಕವನ್ನು ಒಮ್ಮೆ ಮಾಡಿ ನೋಡುವುದು ಒಳ್ಳೆಯದು. ಏತದ ಮರವನ್ನು ಕಂಡವರಿಗೆ ಗೊತ್ತು: ತುದಿಯಲ್ಲಿರುವ ಭಾರದಷ್ಟೇ ಮುಖ್ಯ ಅದು ಆಧಾರದಿಂದ ಎಷ್ಟು ದೂರದಲ್ಲಿದೆಯೆಂಬುದು. ಮನುಷ್ಯನ ಒಂದು ತೋಳಿನ ತೂಕ ದೇಹತೂಕದ ನೂರಕ್ಕೆ ಸುಮಾರು 5 ಭಾಗ. 60 ಕಿಲೋಗ್ರಾಂ ತೂಗುವವನ ತೋಳು ಸುಮಾರು 3 ಕಿಲೋಗ್ರಾಂ ಆಯಿತು. ಅದರ ಭಾರವೆಲ್ಲ ಹೆಗಲಿನಿಂದ ಸುಮಾರು 30 ಸೆಂಟಿಮೀಟರ್ ದೂರದಲ್ಲಿ ನೆಲೆಸಿದೆಯೆಂದು ಎಣಿಸಿದರೆ 3ನ್ನು 30ರಿಂದ ಗುಣಿಸಿ 90. ಒಂದು ಕಿಲೋಗ್ರಾಮಿನ ಪಿಸ್ತೂಲು ಹೆಗಲಿನಿಂದ 65 ಸೆಂಟಿಮೀಟರ್ ದೂರದಲ್ಲಿದ್ದರೆ 65. ಒಟ್ಟು 155. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ತೋಳಿನದೇ ಎಂಬುದನ್ನು ಗಮನಿಸಬೇಕು. ಪಿಸ್ತೂಲಿಗಿಂತ ತೋಳೇ ಹೆಗಲಿಗೆ ದೊಡ್ಡ ಹೊರೆ! ಆದುದರಿಂದಲೇ ಪಿಸ್ತೂಲಿಲ್ಲದವನೂ, ಬರಿಗೈಯಲ್ಲಿ ತೋಳನ್ನು ಚಾಚಿ ನಿಂತೇ, ಅರ್ಧ ಅಭ್ಯಾಸವನ್ನು ಮಾಡಬಹುದು.

ಕೈ ನಡುಗುವುದೇಕೆ ಎಂಬ ಪ್ರಶ್ನೆಗೂ ಈ ಲೆಕ್ಕದಲ್ಲಿ ಉತ್ತರವಿದೆ. ಆರೋಗ್ಯವಂತನ ಕೈಯಲ್ಲಿಯೂ ಸೆಕೆಂಡಿಗೆ ಸುಮಾರು 8ರಿಂದ 12 ಸಲ ಸೂಕ್ಷ್ಮವಾದ ಕಂಪನ ಇದ್ದೇ ಇರುತ್ತದೆ. ಅದನ್ನು ಪೂರ್ಣವಾಗಿ ಇಲ್ಲವಾಗಿಸುವುದು ಯಾರಿಂದಲೂ ಆಗದು. ಆದರೆ ಮಾಂಸಖಂಡವು ತನ್ನ ಪೂರ್ಣಶಕ್ತಿಯ ಎಷ್ಟು ಪಾಲನ್ನು ವ್ಯಯಮಾಡುತ್ತಿದೆಯೋ, ಎಷ್ಟು ದಣಿದಿದೆಯೋ, ಅದಕ್ಕೆ ತಕ್ಕಂತೆ ಕಂಪನವು ಹಿಗ್ಗುತ್ತದೆ. ಒಬ್ಬನ ಹೆಗಲಿನ ಪೂರ್ಣಶಕ್ತಿ ಮೇಲಿನ ಅಳತೆಯಲ್ಲಿ 310 ಎಂದಿಟ್ಟುಕೊಳ್ಳಿ. ಪಿಸ್ತೂಲು ಹಿಡಿದು ನಿಲ್ಲಲು ಅವನಿಗೆ ಅರ್ಧ ಶಕ್ತಿ ಬೇಕು. ಅಭ್ಯಾಸದಿಂದ ಆ ಶಕ್ತಿ 465ಕ್ಕೆ ಏರಿತೆಂದರೆ ಮೂರನೆಯ ಒಂದು ಪಾಲು ಸಾಕು. ಪಿಸ್ತೂಲಿನ ತೂಕ ಕಡಮೆಯಾಗಲಿಲ್ಲ. ಆದರೂ ಅದು ಹಗುರವಾಯಿತು. ವ್ಯಾಯಾಮದಿಂದ ಕೈ ಸ್ಥಿರವಾಗುವುದರ ಗುಟ್ಟು ಇಷ್ಟೇ.

ಹೆಗಲಿಗಿಂತಲೂ ಹೆಚ್ಚಿನ ಎಚ್ಚರಿಕೆಯನ್ನು ಬೇಡುವ ಭಾಗ ಮಣಿಕಟ್ಟು. ಪಿಸ್ತೂಲಿನ ನಳಿಕೆಯ ಮೇಲೆ ಮುಂದುಗಡೆ ಒಂದು ಮೊನೆಯೂ ಹಿಂದುಗಡೆ ಒಂದು ಕಚ್ಚೂ ಇರುತ್ತವೆ. ಕಚ್ಚಿನ ನಡುವೆ ಮೊನೆ ಸರಿಯಾಗಿ ಕಾಣುವಂತೆ ಹಿಡಿಯುವುದೇ ಗುರಿಗಾರನ ಮುಖ್ಯ ಕೆಲಸ. ಇವೆರಡರ ನಡುವಣ ದೂರ ಸುಮಾರು 30 ಸೆಂಟಿಮೀಟರ್ ಎನ್ನೋಣ. ಇಡೀ ತೋಳು ಪಕ್ಕಕ್ಕೆ ಒಂದು ಮಿಲಿಮೀಟರ್ ಸರಿದು, ಮೊನೆ ಕಚ್ಚುಗಳ ಹೊಂದಾಣಿಕೆ ಕೆಡದಿದ್ದರೆ, ಗುಂಡೂ ಒಂದೇ ಮಿಲಿಮೀಟರ್ ಸರಿಯುತ್ತದೆ; ಹತ್ತು ಅಂಕಕ್ಕೆ ಧಕ್ಕೆಯಿಲ್ಲ. ಆದರೆ ಮಣಿಕಟ್ಟು ಬಾಗಿ ಮೊನೆಯೊಂದೇ ಒಂದು ಮಿಲಿಮೀಟರ್ ಅತ್ತಿತ್ತಲಾದರೆ, 10 ಮೀಟರ್ ದೂರದಲ್ಲಿ ಆ ತಪ್ಪು 33 ಮಿಲಿಮೀಟರಿಗೆ ಬೆಳೆಯುತ್ತದೆ. ಗುಂಡು ಕಪ್ಪು ವೃತ್ತದ ಹೊರಗೇ ಬಿದ್ದು ಆರು ಅಂಕ ಮಾತ್ರ ದೊರೆಯುತ್ತದೆ. ತೋಳಿನ ತಪ್ಪು ಕ್ಷಮ್ಯ, ಮಣಿಕಟ್ಟಿನ ತಪ್ಪು ಅಕ್ಷಮ್ಯ ಎಂದು ಇದನ್ನು ನೆನಪಿಟ್ಟುಕೊಳ್ಳಬಹುದು.

ಇಷ್ಟು ತಿಳಿದ ಮೇಲೆ ವ್ಯಾಯಾಮಗಳನ್ನು ಕ್ರಮವಾಗಿ ನೋಡೋಣ. ಇವಾವುದಕ್ಕೂ ಪಿಸ್ತೂಲು ಬೇಡ, ಹಣವೂ ಬೇಡ. ಒಂದು ಬಾಟಲಿ, ಒಂದು ಸುತ್ತಿಗೆ, ಹಳೆಯ ಸೈಕಲ್ ಟ್ಯೂಬಿನ ತುಂಡು, ಒಂದು ಕೋಲು, ಒಂದು ಹಗ್ಗ, ಒಂದು ಇಟ್ಟಿಗೆ ಇದ್ದರೆ ಸಾಕು.

ಒಂದನೆಯದು, ಹಿಡಿದು ನಿಲ್ಲುವುದು. ಗೋಡೆಯ ಮೇಲೆ ಕಣ್ಣಿನ ಮಟ್ಟದಲ್ಲಿ ಒಂದು ಸಣ್ಣ ಚುಕ್ಕೆಯನ್ನು ಇಡಿ. ಗೋಡೆಗೆ ಪಕ್ಕವಾಗಿ, ಪಾದಗಳನ್ನು ಹೆಗಲಿನಷ್ಟು ಅಗಲಕ್ಕೆ ಇಟ್ಟು ನಿಂತು, ತೋಳನ್ನು ಚಾಚಿ. ಮೊಣಕೈ ಬಾಗಬಾರದು, ಹೆಗಲು ಕಿವಿಯ ಕಡೆಗೆ ಏರಬಾರದು. ಮೊದಲ ವಾರ ಬರಿಗೈ. ಹತ್ತು ಸೆಕೆಂಡು ಹಿಡಿದು ಅರ್ಧ ನಿಮಿಷ ಇಳಿಸಿ. ಹೀಗೆ ಹತ್ತು ಸಲ. ಅನಂತರ ಪಾರದರ್ಶಕವಾದ ಬಾಟಲಿಯಲ್ಲಿ ಅರ್ಧ ಲೀಟರ್ ನೀರು ತುಂಬಿ, ಪಿಸ್ತೂಲಿನ ಹಿಡಿಯನ್ನು ಹಿಡಿಯುವಂತೆ ಅದನ್ನು ನೆಟ್ಟಗೆ ಹಿಡಿಯಿರಿ. ನೋಟವು ನೀರಿನ ಮೇಲ್ಮೈಯಲ್ಲಿ ನೆಲೆಸಿರಲಿ. ಕೈಯ ಕಂಪನವನ್ನು ಆ ನೀರು ಯಾವ ಯಂತ್ರದ ಸಹಾಯವೂ ಇಲ್ಲದೆ ತೋರಿಸಿಕೊಡುತ್ತದೆ. ನೀರು ಶಾಂತವಾದಂತೆಲ್ಲ ಇನ್ನಷ್ಟು ನೀರನ್ನು ಸೇರಿಸುತ್ತ ಹೋಗಬಹುದು. ಒಂದು ಲೀಟರ್ ನೀರಿಗೆ ಒಂದು ಕಿಲೋಗ್ರಾಂ ತೂಕವಿರುವುದರಿಂದ ಬಾಟಲಿ ತುಂಬುವ ಹೊತ್ತಿಗೆ ನಿಮ್ಮ ಕೈಯಲ್ಲಿರುವುದು ಏರ್ ಪಿಸ್ತೂಲಿನ ತೂಕವೇ. ಆಗ ನೀರಿಗೆ ಅಲುಗಲು ಎಡೆಯಿರುವಂತೆ ಒಂದು ಲೀಟರಿಗಿಂತ ತುಸು ದೊಡ್ಡ ಬಾಟಲಿಯನ್ನು ತೆಗೆದುಕೊಳ್ಳುವುದು ಒಳ್ಳೆಯದು.

ಎರಡನೆಯದು, ಏರಿಸಿ ಇಳಿಸುವುದು. ಸ್ಪರ್ಧೆಯಲ್ಲಿ ಪ್ರತಿಯೊಂದು ಗುಂಡಿಗೂ ತೋಳನ್ನು ಎತ್ತಿ, ಗುರಿಯ ಮೇಲುಗಡೆಯಿಂದ ಮೆಲ್ಲನೆ ಕೆಳಗಿಳಿಸಿ ನೆಲೆಗೊಳಿಸುತ್ತಾರೆ. 60 ಗುಂಡುಗಳ ಜೊತೆಗೆ ಪರೀಕ್ಷಾರ್ಥವಾಗಿ ಹಾರಿಸಿದವೂ, ಮನಸ್ಸೊಪ್ಪದೆ ಹಾರಿಸದೆ ಕೈ ಇಳಿಸಿದವೂ ಸೇರಿ 80 ಸಲ ಎತ್ತಿದರೆಂದೂ, ಪ್ರತಿ ಸಲ 12 ಸೆಕೆಂಡು ಹಿಡಿದರೆಂದೂ ಅಂದಾಜು ಮಾಡಿದರೆ ತೋಳು ಗಾಳಿಯಲ್ಲಿ ನಿಲ್ಲುವ ಕಾಲ ಒಟ್ಟು 16 ನಿಮಿಷ. ಆದುದರಿಂದ ನಾಲ್ಕು ಎಣಿಸುತ್ತ ಏರಿಸಿ, ಎಂಟು ಎಣಿಸುತ್ತ ನಿಲ್ಲಿಸಿ, ನಾಲ್ಕು ಎಣಿಸುತ್ತ ಇಳಿಸುವುದನ್ನು ರೂಢಿಮಾಡಬೇಕು. ಹತ್ತರಿಂದ ಆರಂಭಿಸಿ ಕೆಲವು ತಿಂಗಳುಗಳಲ್ಲಿ ನಲವತ್ತಕ್ಕೆ ಬರಬಹುದು. ಇಳಿಸುವಾಗ ಕೈಯನ್ನು ದೊಪ್ಪನೆ ಬಿಡಬಾರದು. ನಿಧಾನವಾಗಿ ಇಳಿಸುವುದರಲ್ಲಿಯೇ ಹೆಗಲು ಹೆಚ್ಚು ಕಲಿಯುತ್ತದೆ.

ಮೂರನೆಯದು, ಹೆಗಲಿನ ಕೀಲನ್ನು ಕಾಯುವುದು. ಹೆಗಲನ್ನು ಮುಸುಕಿದಂತಿರುವ ದೊಡ್ಡ ಮಾಂಸಖಂಡ ತೋಳನ್ನು ಎತ್ತುತ್ತದೆ. ಆದರೆ ಕೀಲನ್ನು ಅದರ ಬಟ್ಟಲಿನಲ್ಲಿ ಅಲುಗದಂತೆ ಹಿಡಿದಿಡುವವು ಅದರೊಳಗಿನ ನಾಲ್ಕು ಸಣ್ಣ ಮಾಂಸಖಂಡಗಳು. ಇವು ಕನ್ನಡಿಯಲ್ಲಿ ಕಾಣುವುದಿಲ್ಲವಾದ್ದರಿಂದ ಇವನ್ನು ಯಾರೂ ವಿಚಾರಿಸುವುದಿಲ್ಲ. ಸೈಕಲ್ ಟ್ಯೂಬನ್ನು ಕಿಟಕಿಯ ಸರಳಿಗೆ ಕಟ್ಟಿ, ಮೊಣಕೈಯನ್ನು ಸೊಂಟಕ್ಕೆ ತಾಗಿಸಿ ಮಡಿಸಿ, ಮುಂಗೈಯನ್ನು ಮಾತ್ರ ಬಾಗಿಲಿನ ಕದದಂತೆ ಹೊರಕ್ಕೆ ತಿರುಗಿಸಿ ಟ್ಯೂಬನ್ನು ಎಳೆಯಬೇಕು. ಮೆಲ್ಲನೆ ಹಿಂದಕ್ಕೆ ಬಿಡಬೇಕು. ಹದಿನೈದು ಸಲ ಹೊರಕ್ಕೆ, ಹದಿನೈದು ಸಲ ಒಳಕ್ಕೆ. ಟ್ಯೂಬು ಬಲವಾಗಿರಬೇಕೆಂಬ ಹಟ ಬೇಡ. ಇದು ಶಕ್ತಿಪ್ರದರ್ಶನವಲ್ಲ, ಕೀಲಿನ ಕಾವಲು.

ನಾಲ್ಕನೆಯದು, ಮಣಿಕಟ್ಟನ್ನು ಬಲಪಡಿಸುವುದು. ಸಾಧಾರಣವಾದ ಸುತ್ತಿಗೆಯೊಂದನ್ನು ಹಿಡಿಯ ತುದಿಯಲ್ಲಿ ಹಿಡಿದು, ತೋಳನ್ನು ಪಕ್ಕದಲ್ಲಿ ಇಳಿಬಿಟ್ಟು, ಹೆಬ್ಬೆರಳು ಮುಂದಕ್ಕಿರುವಂತೆ ನಿಲ್ಲಿ. ತೋಳನ್ನು ಅಲುಗಿಸದೆ ಮಣಿಕಟ್ಟಿನಿಂದ ಮಾತ್ರ ಸುತ್ತಿಗೆಯ ತಲೆಯನ್ನು ಮೇಲಕ್ಕೆತ್ತಿ, ಐದು ಎಣಿಸಿ, ಇಳಿಸಿ. ಪಿಸ್ತೂಲಿನ ಮೂತಿ ಕೆಳಕ್ಕೆ ಜೋಲುವುದನ್ನು ತಡೆಯುವ ಮಾಂಸಖಂಡಗಳು ಇದರಿಂದ ಗಟ್ಟಿಯಾಗುತ್ತವೆ. ಇದರೊಡನೆ, ಕೋಲಿನ ನಡುವೆ ಹಗ್ಗ ಕಟ್ಟಿ, ಹಗ್ಗದ ತುದಿಗೆ ಇಟ್ಟಿಗೆಯನ್ನು ಬಿಗಿದು, ಕೋಲನ್ನು ಎರಡೂ ಕೈಗಳಿಂದ ತಿರುವುತ್ತ ಇಟ್ಟಿಗೆಯನ್ನು ಮೇಲಕ್ಕೆ ಸುತ್ತುವುದು, ಹಾಗೆಯೇ ಬಿಚ್ಚುವುದು. ಒದ್ದೆ ಬಟ್ಟೆಯನ್ನು ಹಿಂಡುವುದೂ ಇದೇ ಜಾತಿಯ ವ್ಯಾಯಾಮ. ಭಾನುವಾರ ತನ್ನ ಬಟ್ಟೆಯನ್ನು ತಾನೇ ಒಗೆದುಕೊಳ್ಳುವ ಹಾಸ್ಟೆಲಿನ ವಿದ್ಯಾರ್ಥಿಗೆ ಇದು ಧರ್ಮಾರ್ಥವಾಗಿ ದೊರೆತ ಲಾಭ.

ಐದನೆಯದು, ತೋರುಬೆರಳನ್ನು ಬೇರ್ಪಡಿಸುವುದು. ನಾವು ಮುಷ್ಟಿ ಹಿಡಿದಾಗ ಐದು ಬೆರಳುಗಳೂ ಕೂಡಿಯೇ ಬಿಗಿಯುತ್ತವೆ, ಇದು ಸ್ವಾಭಾವಿಕ. ಆದರೆ ಟ್ರಿಗರನ್ನು ಎಳೆಯುವಾಗ ಉಳಿದ ಬೆರಳುಗಳೂ ಬಿಗಿದರೆ ಮಣಿಕಟ್ಟು ತಿರುಗಿ, ಮೊದಲೇ ಹೇಳಿದ 33 ಮಿಲಿಮೀಟರಿನ ಅನಾಹುತ ನಡೆದುಹೋಗುತ್ತದೆ. ಟವೆಲನ್ನು ಸುರುಳಿ ಸುತ್ತಿ ಮೂರು ಬೆರಳುಗಳಿಂದ ಒಂದೇ ಹದದಲ್ಲಿ ಹಿಡಿದು, ತೋರುಬೆರಳನ್ನು ಮಾತ್ರ ಮುಂದಕ್ಕೂ ಹಿಂದಕ್ಕೂ ನಿಧಾನವಾಗಿ ಚಲಿಸಬೇಕು. ಎಡಗೈಯನ್ನು ಬಲಗೈಯ ಮೇಲಿಟ್ಟರೆ ಉಳಿದ ಬೆರಳುಗಳು ಬಿಗಿಯುತ್ತಿವೆಯೇ ಎಂಬುದು ತಿಳಿಯುತ್ತದೆ. ಪಾಠ ಓದುತ್ತ ಕುಳಿತಾಗಲೂ ಇದನ್ನು ಮಾಡಬಹುದು, ಪರೀಕ್ಷೆಗೂ ಬಾಧಕವಿಲ್ಲ.

ಇವೆಲ್ಲವೂ ತೋಳಿನ ಮಾತಾಯಿತು. ಆದರೆ ತೋಳು ನಿಂತಿರುವುದು ದೇಹದ ಮೇಲೆ. ದೇಹ ನಿಂತಿರುವುದು ಕಾಲುಗಳ ಮೇಲೆ. ಕಂಬ ಅಲುಗಿದರೆ ತೊಲೆ ಅಲುಗದಿರುತ್ತದೆಯೇ? ಇಲ್ಲಿ ನಮ್ಮ ಗರಡಿಯ ವಿದ್ಯೆ ನೆರವಿಗೆ ಬರುತ್ತದೆ. ಬಸ್ಕಿಯಿಂದ ತೊಡೆಗೂ, ದಂಡೆಯಿಂದ ಎದೆ ಹೆಗಲುಗಳಿಗೂ ಬಲ ಬರುವುದು ಎಲ್ಲರಿಗೂ ತಿಳಿದ ವಿಷಯ. ಗುರಿಗಾರನು ಇದರಲ್ಲಿ ಒಂದು ಸಣ್ಣ ಮಾರ್ಪಾಟನ್ನು ಮಾಡಿಕೊಳ್ಳಬೇಕು: ದಂಡೆಯ ಮೊದಲ ಭಂಗಿಯಲ್ಲಿ, ದೇಹವನ್ನು ಹಲಗೆಯಂತೆ ನೇರವಾಗಿಟ್ಟು, ಅರ್ಧ ನಿಮಿಷ ಹಾಗೆಯೇ ನಿಲ್ಲುವುದು, ಬಸ್ಕಿಯ ನಡುವೆಯೂ ಅರೆಬಾಗಿ ಹತ್ತು ಎಣಿಸುವವರೆಗೆ ನಿಲ್ಲುವುದು. ಚಲಿಸುವ ವ್ಯಾಯಾಮವನ್ನು ಹೀಗೆ ನಿಲ್ಲಿಸುವ ವ್ಯಾಯಾಮವನ್ನಾಗಿ ತಿರುಗಿಸಿಕೊಳ್ಳಬಹುದು.

ಮತ್ತೊಂದು ವ್ಯಾಯಾಮಶಾಲೆ ನಮ್ಮ ಊರಿಗೆ ತಾನಾಗಿಯೇ ಒದಗಿ ಬಂದಿದೆ. ಅದು ಜೋಗಿಮಟ್ಟಿ. ಚಿತ್ರದುರ್ಗದ ಊಟಿ ಎಂದು ಜನರು ಪ್ರೀತಿಯಿಂದ ಕರೆಯುವ ಈ ಗಿರಿಯ ದಾರಿಯನ್ನು ವಾರಕ್ಕೊಮ್ಮೆ ಹತ್ತಿ ಇಳಿದರೆ ಮೀನಖಂಡ ತೊಡೆಗಳು ಗಟ್ಟಿಯಾಗುವುದಷ್ಟೇ ಅಲ್ಲ, ಹೃದಯವೂ ಗಟ್ಟಿಯಾಗುತ್ತದೆ. ಗುರಿಗಾರನಿಗೂ ಹೃದಯಕ್ಕೂ ಏನು ಸಂಬಂಧವೆಂದು ಕೇಳಬಹುದು. ಚಾಚಿದ ತೋಳಿನ ತುದಿಯಲ್ಲಿ ಪ್ರತಿಯೊಂದು ನಾಡಿಬಡಿತವೂ ಸಣ್ಣದೊಂದು ಕುಲುಕನ್ನು ಉಂಟುಮಾಡುತ್ತದೆ. ಕ್ರಮವಾಗಿ ಗುಡ್ಡ ಹತ್ತುವವನ ಹೃದಯ, ವಿಶ್ರಾಂತಿಯಲ್ಲಿರುವಾಗ, ನಿಧಾನವಾಗಿ ಬಡಿಯುತ್ತದೆ. ಎರಡು ಬಡಿತಗಳ ನಡುವಣ ಶಾಂತಿ ದೀರ್ಘವಾಗುತ್ತದೆ. ಈ ಶಾಂತಿ ಎಷ್ಟು ಬೆಲೆಯುಳ್ಳದ್ದೆಂದರೆ ಅದನ್ನು ಔಷಧಿಯಿಂದ ಕದಿಯಲು ಯತ್ನಿಸಿದವರೂ ಉಂಟು. ಹೃದಯದ ಬಡಿತವನ್ನೂ ಕೈನಡುಕವನ್ನೂ ತಗ್ಗಿಸುವ ಬೀಟಾ ಬ್ಲಾಕರ್ ಎಂಬ ಔಷಧಿಗಳು ಗುರಿಗಾರಿಕೆಯ ಕ್ರೀಡೆಯಲ್ಲಿ ನಿಷಿದ್ಧ. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಪಿಸ್ತೂಲಿನ ಎರಡು ಪದಕಗಳನ್ನು ಗೆದ್ದಿದ್ದ ಉತ್ತರ ಕೊರಿಯದ ಕಿಮ್ ಜೊಂಗ್-ಸು ಇಂಥದೇ ಔಷಧಿಯ ಕಾರಣದಿಂದ ಎರಡನ್ನೂ ಕಳೆದುಕೊಂಡನು. ಮಾತ್ರೆಯಿಂದ ಕಳ್ಳತನದಲ್ಲಿ ಪಡೆಯುವುದನ್ನು ಜೋಗಿಮಟ್ಟಿಯ ಏರು ಪ್ರಾಮಾಣಿಕವಾಗಿ ಕೊಡುತ್ತದೆ.

ಆ ಏರಿನಲ್ಲಿ ಗಾಳಿಯ ಪಾಠವೂ ಉಂಟು. ಅಲ್ಲಿನ ಬೆಟ್ಟಸಾಲಿನಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಆಷಾಢದ ಗಾಳಿಯಲ್ಲಿ ಬರಿಗೈಯನ್ನು ಚಾಚಿ ನಿಂತು, ದೂರದ ಬಂಡೆಯೊಂದರ ಮೇಲೆ ಬೆರಳನ್ನು ನೆಲೆಗೊಳಿಸಿ ನೋಡಿ; ಗಾಳಿ ತಳ್ಳಿದಾಗ ಎದುರು ತಳ್ಳುವುದಕ್ಕಿಂತ, ಅದು ತಗ್ಗುವವರೆಗೆ ಕಾಯುವುದೇ ಜಾಣತನವೆಂಬುದು ತಾನಾಗಿ ತಿಳಿಯುತ್ತದೆ. ಒಂದು ಎಚ್ಚರಿಕೆ: ಜೋಗಿಮಟ್ಟಿ ಈಗ ವನ್ಯಜೀವಿಧಾಮ. ಅರಣ್ಯ ಇಲಾಖೆಯ ಅನುಮತಿ ಮತ್ತು ವೇಳೆಗಳನ್ನು ಪಾಲಿಸಿಯೇ ಹೋಗತಕ್ಕದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅನುಮತಿಯಿಲ್ಲದೆ ಅಭಯಾರಣ್ಯದೊಳಗೆ ಆಯುಧವನ್ನು ಒಯ್ಯುವುದು ಅಪರಾಧ. ಅಲ್ಲಿಗೆ ಕೈಯನ್ನು ಮಾತ್ರ ಒಯ್ಯಬೇಕು, ಪಿಸ್ತೂಲನ್ನಲ್ಲ.

ಅಭ್ಯಾಸಕ್ಕೂ ಒಂದು ಮಿತಿಯುಂಟು. ವಾರಕ್ಕೆ ನಾಲ್ಕು ದಿನ, ದಿನಕ್ಕೆ ಅರ್ಧ ಗಂಟೆ ಸಾಕು. ನಡುವಿನ ದಿನಗಳಲ್ಲಿ ಮಾಂಸಖಂಡ ತನ್ನನ್ನು ತಾನು ಕಟ್ಟಿಕೊಳ್ಳುತ್ತದೆ. ಆರಂಭದಲ್ಲಿ ತೋಳುಗಳನ್ನು ನಾಲ್ಕಾರು ಸುತ್ತು ತಿರುಗಿಸಿ ಮೈ ಬಿಸಿ ಮಾಡಿಕೊಳ್ಳಬೇಕು. ಬಲಗೈಗೆ ಮಾಡಿದ್ದನ್ನೆಲ್ಲ ಎಡಗೈಗೂ ಮಾಡಬೇಕು. ಒಂದೇ ಬದಿ ಬೆಳೆದರೆ ಬೆನ್ನು ಓರೆಯಾಗಿ ನಿಲುವು ಕೆಡುತ್ತದೆ. ಮಾಂಸಖಂಡದ ದಣಿವು ಬೇರೆ, ಕೀಲಿನೊಳಗಿನ ಚುಚ್ಚುನೋವು ಬೇರೆ. ಎರಡನೆಯದು ಕಂಡೊಡನೆ ನಿಲ್ಲಿಸಿ, ಕಡಮೆಯಾಗದಿದ್ದರೆ ವೈದ್ಯರನ್ನು ಕಾಣಬೇಕು. ಉಸಿರನ್ನು ಬಿಗಿಹಿಡಿದು ವ್ಯಾಯಾಮ ಮಾಡಬಾರದು. ಗುಂಡು ಹಾರಿಸುವುದಕ್ಕೆ ಸ್ವಲ್ಪ ಮುಂಚೆ ಭಾರದ ವ್ಯಾಯಾಮ ಮಾಡುವುದಂತೂ ಕೂಡದು; ದಣಿದ ಕೈ ಎಲ್ಲಕ್ಕಿಂತ ಹೆಚ್ಚು ನಡುಗುವ ಕೈ. ಲೋಟದ ಮೇಲೆ ಲೋಟ ಕಾಫಿ ಕುಡಿಯುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಇಂಥ ಸಾಧನೆಯಿಂದ ಏನನ್ನು ಪಡೆಯಬಹುದೆಂಬುದಕ್ಕೆ ಹಂಗೆರಿ ದೇಶದ ಕಾರೊಯ್ ಟಾಕಾಚ್ ಎಂಬ ಸೈನಿಕನ ಉದಾಹರಣೆ ಸಾಕು. 1938ರಲ್ಲಿ ಕೈಬಾಂಬೊಂದು ಸಿಡಿದು ಅವನ ಬಲಗೈ ನಷ್ಟವಾಯಿತು. ಆ ಕೈಯೇ ಅವನ ಗುರಿಯ ಕೈ. ಅವನು ಎಡಗೈಯನ್ನು ಮೊದಲಿನಿಂದ ಪಳಗಿಸಿಕೊಂಡು, 1948ರ ಲಂಡನ್ ಒಲಿಂಪಿಕ್ಸಿನಲ್ಲಿಯೂ 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿಯೂ 25 ಮೀಟರ್ ರ್‍ಯಾಪಿಡ್ ಫೈರ್ ಪಿಸ್ತೂಲಿನಲ್ಲಿ ಚಿನ್ನ ಗೆದ್ದನು. ಸ್ಥಿರತೆ ಹುಟ್ಟಿನಿಂದ ಬಂದ ವರವಾಗಿದ್ದರೆ ಅದು ಬಲಗೈಯೊಡನೆಯೇ ಹೋಗಬೇಕಾಗಿತ್ತು. ನಮ್ಮ ನಾಡಿನವರೂ ಹಿಂದೆ ಬಿದ್ದಿಲ್ಲ. ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರು 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಗಳ 50 ಮೀಟರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದು, 2016ರ ರಿಯೊ ಒಲಿಂಪಿಕ್ಸಿನಲ್ಲಿ ಸ್ಪರ್ಧಿಸಿದರು. ಬೆಂಗಳೂರಿನವರೇ ಆದ ಟಿ. ಎಸ್. ದಿವ್ಯಾ ಅವರು 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ ಸರಬ್ಜೋತ್ ಸಿಂಗ್ ಅವರೊಡನೆ 10 ಮೀಟರ್ ಏರ್ ಪಿಸ್ತೂಲು ಮಿಶ್ರ ತಂಡದ ಬೆಳ್ಳಿಯನ್ನು ಪಡೆದರು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಎರಡು ಕಂಚಿನ ಪದಕಗಳನ್ನು ಗೆದ್ದುದು ಎಲ್ಲರ ನೆನಪಿನಲ್ಲಿದೆ. ಅದೇ ಕೂಟದಲ್ಲಿ 51 ವರ್ಷ ವಯಸ್ಸಿನ ತುರ್ಕಿಯ ಯೂಸುಫ್ ಡಿಕೆಚ್, ಒಂದು ಕೈಯನ್ನು ಜೇಬಿನಲ್ಲಿಟ್ಟು, ಮತ್ತೊಂದನ್ನು ಚಾಚಿ ನಿಂತ ಚಿತ್ರ ಲೋಕವನ್ನೆಲ್ಲ ಸುತ್ತಿತು. ಆ ಮೈಕಟ್ಟಿನಲ್ಲಿ ಜಟ್ಟಿಯ ಲಕ್ಷಣವೊಂದೂ ಇರಲಿಲ್ಲ. ಆದರೆ ತೋಳು ಅಲುಗಲಿಲ್ಲ. ಬೆಳ್ಳಿ ಪದಕ ಬಂತು.

ವ್ಯಾಯಾಮದಿಂದಲೇ ಗುರಿಗಾರನಾಗಬಹುದೆಂದು ಹೇಳಿದರೆ ಅದು ಅತಿಶಯೋಕ್ತಿಯಾದೀತು. ನೋಟ, ಉಸಿರು, ಟ್ರಿಗರಿನ ಮೇಲಣ ಹಿಡಿತ, ಇವನ್ನು ತಜ್ಞರ ಕಣ್ಣೆದುರಿನಲ್ಲಿ, ರೇಂಜಿನಲ್ಲಿಯೇ ಕಲಿಯಬೇಕು. 1959ರ ಶಸ್ತ್ರಾಸ್ತ್ರ ಕಾಯಿದೆಯನ್ನೂ ರೇಂಜಿನ ಶಿಸ್ತನ್ನೂ ಮೀರಿ ಆಯುಧದೊಡನೆ ಸಲಿಗೆ ಬೆಳೆಸುವವನು ಕ್ರೀಡಾಪಟುವಲ್ಲ. ಹಾಗಾದರೆ ಬಲವಾದ ತೋಳು ಕೊಡುವುದೇನು? ಅದು ಕಾಲಾವಕಾಶವನ್ನು ಕೊಡುತ್ತದೆ. ದುರ್ಬಲವಾದ ತೋಳು ಏಳೆಂಟು ಸೆಕೆಂಡುಗಳಲ್ಲಿ ಸೋಲುತ್ತದೆ. ಸೋಲುವ ಮುಂಚೆ ಗುಂಡನ್ನು ಹಾರಿಸಿಬಿಡಬೇಕೆಂಬ ಆತುರ ಬೆರಳಿಗೆ ಹುಟ್ಟುತ್ತದೆ. ಆತುರದ ಬೆರಳು ಮಣಿಕಟ್ಟನ್ನು ಕೆಡಿಸುತ್ತದೆ. ಬಲವಾದ ತೋಳಿನವನಿಗೆ ಈ ಆತುರವಿಲ್ಲ. ಮನಸ್ಸೊಪ್ಪದಿದ್ದರೆ ಹಾರಿಸದೆ ಕೈ ಇಳಿಸಿ ಮತ್ತೊಮ್ಮೆ ಎತ್ತುವ ಸ್ವಾತಂತ್ರ್ಯ ಅವನಿಗುಂಟು.

ಪಿಸ್ತೂಲಿನ ಕ್ರೀಡೆ ಉಳ್ಳವರ ಕ್ರೀಡೆ ಎಂಬ ಮಾತು ನಮ್ಮಲ್ಲಿ ರೂಢಿಯಾಗಿದೆ. ಸ್ಪರ್ಧೆಗೆ ತಕ್ಕ ಏರ್ ಪಿಸ್ತೂಲಿನ ಬೆಲೆ ನಮ್ಮಂಥ ಮನೆಗಳ ಕೈಗೆ ಎಟುಕುವಂಥದಲ್ಲ ಎಂಬುದೂ ನಿಜ. ಆದರೆ ಪಿಸ್ತೂಲನ್ನು ಕೊಳ್ಳಬಲ್ಲವನೂ ತೋಳನ್ನು ಕೊಳ್ಳಲಾರ. ಅದನ್ನು ಎಲ್ಲರೂ ಮಾಡಿಕೊಳ್ಳಲೇಬೇಕು. ಪೊಲೀಸ್ ಕೆಲಸಕ್ಕೋ ಸೈನ್ಯಕ್ಕೋ ಸೇರುವ, ಇಲ್ಲವೆ ಮುಂದೆಂದಾದರೂ ಯಾವುದಾದರೊಂದು ರೇಂಜಿನ ಬಾಗಿಲಲ್ಲಿ ನಿಲ್ಲುವ ಅವಕಾಶ ನಮ್ಮಲ್ಲಿ ಕೆಲವರಿಗೆ ಬಂದೇ ಬರುತ್ತದೆ. ಆ ದಿನ ಮೊದಲ ಸಲ ಕೈಗೆ ಬಂದ ಪಿಸ್ತೂಲಿನ ತೂಕ ಆಗಲೇ ಪರಿಚಯವಾಗಿರುವಂತೆ ತೋರಬೇಕಾದರೆ, ಇಂದೇ ಒಂದು ಬಾಟಲಿಯಲ್ಲಿ ಅರ್ಧ ಲೀಟರ್ ನೀರನ್ನು ತುಂಬಿಟ್ಟುಕೊಳ್ಳುವುದು ಮೇಲು.